ಎಸ್ಜಿಮಾ ಇರುವ ಮಗುವಿಗೆ ಹಸುವಿನ ಹಾಲಿನ ಬದಲು ಏನು ಕೊಡಬೇಕು?

ಚರ್ಮ ಒಣಗಿ ತುರಿಸುವ ಎಸ್ಜಿಮಾ ಕಾಣಿಸಿಕೊಂಡ ಮಾತ್ರಕ್ಕೆ ಮಗುವಿಗೆ ಹಾಲಿನ ಅಲರ್ಜಿ ಇದೆ ಎಂದು ತೀರ್ಮಾನಿಸಿ ಹಾಲನ್ನು ನಿಲ್ಲಿಸಬಾರದು. ಅನುಮಾನ ಬಲವಾಗಿದ್ದರೆ, ವೈದ್ಯರ ಸಲಹೆಯಂತೆ 2ರಿಂದ 4 ವಾರ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಡಿಸಿ, ಬಳಿಕ ಅವರ ಮಾರ್ಗದರ್ಶನದಲ್ಲೇ ಮತ್ತೆ ಕೊಟ್ಟು ನೋಡಬೇಕು. ಅನಗತ್ಯವಾಗಿ ದೀರ್ಘಕಾಲ ಬಿಡಿಸಿದರೆ ಪೋಷಣೆ ಕುಂದುವುದಲ್ಲದೆ, ಮತ್ತೆ ಕೊಟ್ಟಾಗ ತೀವ್ರ ಅಲರ್ಜಿ ಕಾಣಿಸಿಕೊಳ್ಳುವ ಅಪಾಯವೂ ಇದೆ.

ಒಂದು ವರ್ಷ ತುಂಬದ ಮಗುವಿಗೆ ಎದೆಹಾಲೇ ಉತ್ತಮ. ಅದು ಸಾಲದಿದ್ದರೆ, ಅಲರ್ಜಿಗೆ ಕಾರಣವಾಗುವ ಹಾಲಿನ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಫಾರ್ಮುಲಾವನ್ನು (ಶಿಶುಗಳ ಹಾಲಿನ ಪುಡಿ) ವೈದ್ಯರು ಸೂಚಿಸುತ್ತಾರೆ. ಮೇಕೆ ಮತ್ತು ಎಮ್ಮೆ ಹಾಲಿನ ಪ್ರೋಟೀನ್ ಹಸುವಿನ ಹಾಲಿನದನ್ನೇ ಹೋಲುವುದರಿಂದ ಅವು ಪರ್ಯಾಯವಲ್ಲ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ತೆಗೆದ ಹಾಲಿನಲ್ಲೂ ಪ್ರೋಟೀನ್ ಹಾಗೆಯೇ ಇರುತ್ತದೆ. ಇಲ್ಲಿಯೇ ಹಲವು ಪೋಷಕರು ಎಡವುತ್ತಾರೆ.

ವರ್ಷ ದಾಟಿದ ಮಗುವಿಗೆ, ಸೋಯಾ ಒಗ್ಗುವುದಾದರೆ, ಸಕ್ಕರೆ ಬೆರೆಸದ, ಕ್ಯಾಲ್ಸಿಯಂ ಹಾಗೂ ವಿಟಮಿನ್ ಡಿ, ಬಿ12 ಸೇರಿಸಿದ ಸೋಯಾ ಹಾಲೇ ಮೊದಲ ಆಯ್ಕೆಯಾಗಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಓಟ್ಸ್ ಮತ್ತು ಬಾದಾಮಿ ಹಾಲುಗಳಲ್ಲಿ ಪ್ರೋಟೀನ್ ಕಡಿಮೆ. ಆರ್ಸೆನಿಕ್ ಎಂಬ ವಿಷಕಾರಿ ಅಂಶದ ಕಾರಣ 5 ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಹಾಲು ಬೇಡ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುವುದರಿಂದ ಪೊಟ್ಟಣವನ್ನು ಚೆನ್ನಾಗಿ ಕುಲುಕಿಯೇ ಲೋಟಕ್ಕೆ ಬಗ್ಗಿಸಿ. ತಿನಿಸಿನ ಲೇಬಲ್‌ನಲ್ಲಿ ಕೇಸೀನ್ ಅಥವಾ ವೇ ಎಂದಿದ್ದರೆ ಅದರಲ್ಲಿ ಹಾಲಿನ ಅಂಶವಿದೆ ಎಂದೇ ಅರ್ಥ. ಏನನ್ನಾದರೂ ಕೊಟ್ಟ ಮೇಲೆ ಮಗುವಿನ ತುಟಿ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.