ಸಿಪಿಆರ್ ಪ್ರಮಾಣಪತ್ರ: ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಯಾವ ತರಬೇತಿ ಸೇರಬೇಕು, ಹೇಗೆ ಪಾಸಾಗಬೇಕು

ಹೆಸರು ಹಚ್ಚುವ ಮೊದಲು, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವ ತುರ್ತು ಕ್ರಮ) ಕಲಿತ ಪ್ರಮಾಣಪತ್ರವನ್ನು ಯಾರಿಗೆ ತೋರಿಸಬೇಕು ಎಂಬುದನ್ನು ಖಚಿತ ಮಾಡಿಕೊಳ್ಳಿ. ನರ್ಸಿಂಗ್ ಕೆಲಸಕ್ಕೆ ಹೋಗುವವರನ್ನು ದವಾಖಾನೆಗಳು ಹೆಚ್ಚಾಗಿ ಕೇಳುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ (ಜೀವ ಉಳಿಸುವ ಮೂಲ ತರಬೇತಿ) ಕಾರ್ಡು. ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಅಗತ್ಯ ಬೇರೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮಿನ ಪ್ರಕಾರ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಹೊಣೆ ಹೊತ್ತವರ ಬಳಿ ರಾಜ್ಯ ಸರ್ಕಾರ ಮಾನ್ಯ ಮಾಡಿದ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಇರಬೇಕಿತ್ತು. ಅಲ್ಲಿ ಬಿಎಲ್‌ಎಸ್ ಕಾರ್ಡು ನಡೆಯುತ್ತದೆಂದು ನೀವೇ ತೀರ್ಮಾನಿಸಬೇಡಿ. ಈಗ ಯಾವ ಪ್ರಮಾಣಪತ್ರ ಬೇಕೆಂದು ಕಂಪನಿಯಲ್ಲಿ ಕೇಳಿಕೊಂಡು, ಸೇಂಟ್ ಜಾನ್ ಆಂಬುಲೆನ್ಸ್ ಅಥವಾ ರೆಡ್ ಕ್ರಾಸ್ ನಡೆಸುವ ತರಬೇತಿ ವಿಚಾರಿಸಿ.

ಕಾಗದ ಬೇಡ, ಕೈಕೆಲಸ ಬಂದರೆ ಸಾಕು ಅನ್ನುವವರಿಗೆ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಫೆಡರೇಷನ್‌ನ ಸಿಒಎಲ್‌ಎಸ್ ಇದೆ. ಇದರಲ್ಲಿ ಎದೆ ಒತ್ತುವುದನ್ನಷ್ಟೇ ಕಲಿಸುತ್ತಾರೆ. ಆದರೆ ಬಾವಿ, ಕೃಷಿ ಹೊಂಡ, ಹೊಳೆ ಹತ್ತಿರ ಇರುವ ಹಳ್ಳಿಯವರು ಬಾಯಿಂದ ಉಸಿರು ಕೊಡುವುದನ್ನೂ ಕಲಿಯಲೇಬೇಕು. ನೀರಿನಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಉಸಿರು ಸಿಗದೆ. ಅವರಿಗೆ ಬರೀ ಎದೆ ಒತ್ತಿದರೆ ಸಾಲದು.

ಹುಬ್ಬಳ್ಳಿಯ ಕೆಎಂಸಿಆರ್ಐ (ಹಿಂದಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಅರಿವಳಿಕೆ ವಿಭಾಗಕ್ಕೋ ತುರ್ತು ಚಿಕಿತ್ಸಾ ವಿಭಾಗಕ್ಕೋ ಹೋಗಿ ಮುಂದಿನ ಬ್ಯಾಚ್ ಯಾವಾಗ, ಹೊರಗಿನವರನ್ನು ಸೇರಿಸಿಕೊಳ್ಳುತ್ತಾರೋ ಎಂದು ಕೇಳಿ. ಎಲ್ಲಿ ಸೇರಿದರೂ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಒತ್ತುವ ಅಭ್ಯಾಸದ ಒಂದು ಬೊಂಬೆಗೆ ಎಷ್ಟು ಜನ? ಹೃದಯಕ್ಕೆ ವಿದ್ಯುತ್ ಷಾಕ್ ಕೊಡುವ ಎಇಡಿ ಯಂತ್ರದ ಅಭ್ಯಾಸ ಇದೆಯೇ? ಕೈಯಿಂದ ಮಾಡಿ ತೋರಿಸುವ ಪರೀಕ್ಷೆ ಇದೆಯೇ? ಒಂದು ಬೊಂಬೆಗೆ ಮೂವರಿಗಿಂತ ಹೆಚ್ಚು ಮಂದಿಯಾದರೆ ಹೊತ್ತೆಲ್ಲ ನೋಡುವುದರಲ್ಲೇ ಹೋಗುತ್ತದೆ. ವಿಡಿಯೋ ನೋಡಿಸಿ ಆನ್‌ಲೈನಿನಲ್ಲೇ ಪ್ರಮಾಣಪತ್ರ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಾಠವನ್ನು ಆನ್‌ಲೈನಿನಲ್ಲಿ ಓದಬಹುದು, ಒತ್ತುವುದನ್ನು ಕೈಯೇ ಕಲಿಯಬೇಕು.

ತರಗತಿಗೆ ಮೊಣಕಾಲೂರಿ ಕೂರಲು ಅನುಕೂಲವಾದ ಬಟ್ಟೆ ಹಾಕಿ. ಬಳೆ, ಉಂಗುರ, ಗಡಿಯಾರ ತೆಗೆದಿಡಿ. ಮೊಣಕಾಲು ನೋವಿದ್ದರೆ ಮಡಚಿದ ಜಮಖಾನ ಒಯ್ಯಿರಿ.

ಅಂಗೈಯ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲೆ, ಎದೆಯ ನಡುವೆ ಇಡಬೇಕು. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಭುಜ ನೇರ ಕೈಮೇಲೆ ಬರುವಂತೆ ಬಾಗಿ, ಮೈಭಾರದಿಂದ 5ರಿಂದ 6 ಸೆಂಟಿಮೀಟರ್ ಒತ್ತಬೇಕು. ತೋಳಿನ ಬಲದಿಂದ ಒತ್ತಿದರೆ ನಿಮಿಷದೊಳಗೆ ಸುಸ್ತು, ಆಳವೂ ಕಡಿಮೆಯಾಗುತ್ತದೆ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಹೃದಯಕ್ಕೆ ರಕ್ತ ಮರಳಿ ತುಂಬುವುದು ಆಗಲೇ. ದಣಿದವರು ಎದೆಯ ಮೇಲೇ ಒರಗುತ್ತಾರೆ, ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಜೊತೆಗಾರರಿದ್ದರೆ ಎರಡು ನಿಮಿಷಕ್ಕೊಮ್ಮೆ ಬದಲಾಗಿ.

ವೇಗ ನಿಮಿಷಕ್ಕೆ 100ರಿಂದ 120. ಮೂವತ್ತರವರೆಗೆ ಕನ್ನಡದಲ್ಲಿ ಎಣಿಸುವಾಗ ‘ಇಪ್ಪತ್ತೊಂದು, ಇಪ್ಪತ್ತೆರಡು’ ಬರುವಷ್ಟರಲ್ಲಿ ನಾಲಗೆ ನಿಧಾನವಾಗುತ್ತದೆ, ಅದರ ಹಿಂದೆ ಕೈಯೂ. ಬದಲಿಗೆ ‘ಒಂದ್, ಎಡ್, ಮೂರ್, ನಾಕ್’ ಎಂದು ಹತ್ತರವರೆಗೆ ಮೂರು ಸಲ ಎಣಿಸಿ. ಮನೆಯಲ್ಲಿ ಮೊಬೈಲಿನ ಮೆಟ್ರೊನೊಮ್ (ತಾಳ ಬಡಿಯುವ ಆ್ಯಪ್) ಅನ್ನು 110ಕ್ಕಿಟ್ಟು ಗಟ್ಟಿ ದಿಂಬಿನ ಮೇಲೆ ಅಭ್ಯಾಸ ಮಾಡಿದರೆ ಲಯ ಕೂರುತ್ತದೆ. ಆಳ ಮಾತ್ರ ಬೊಂಬೆಯ ಮೇಲೇ ಗೊತ್ತಾಗಬೇಕು.

30 ಸಲ ಒತ್ತಿ 2 ಉಸಿರು. ತಲೆ ಹಿಂದಕ್ಕೆ ವಾಲಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಎದೆ ಏಳುವಷ್ಟು ಮಾತ್ರ ಒಂದು ಸೆಕೆಂಡ್ ಊದಿ. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗಬಹುದು. ಎದೆ ಏಳದಿದ್ದರೆ ತಲೆಯನ್ನು ಮತ್ತೆ ಸರಿಯಾಗಿ ವಾಲಿಸಿ. ಎರಡು ಉಸಿರಿಗಾಗಿ ಒತ್ತುವುದು 10 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು.

ಪರೀಕ್ಷೆಯಲ್ಲಿ ನೇರ ಎದೆಗೆ ಕೈ ಹಾಕಬೇಡಿ. ಮೊದಲು ಸ್ಥಳ ಸುರಕ್ಷಿತವೇ ನೋಡಿ. ಪಂಪ್‌ಸೆಟ್ ಹತ್ತಿರ ಬಿದ್ದಿದ್ದರೆ ಮೊದಲು ಕರೆಂಟ್ ತೆಗೆಯಬೇಕು, ಮುಟ್ಟುವುದು ಆಮೇಲೆ. ಭುಜ ತಟ್ಟಿ ಕೂಗಿ, 108ಕ್ಕೆ ಕರೆ ಮಾಡಿ ಫೋನ್ ಸ್ಪೀಕರಿಗೆ ಹಾಕಿ, 10 ಸೆಕೆಂಡಿನೊಳಗೆ ಉಸಿರಾಟ ನೋಡಿ. ಎಚ್ಚರವಿಲ್ಲದವರು ಬಿಟ್ಟುಬಿಟ್ಟು ತೇಕುತ್ತಿದ್ದರೆ ಅದು ಉಸಿರಾಟವಲ್ಲ, ಒತ್ತಲು ಶುರು ಮಾಡಿ. ‘ಉಸಿರೈತಿ’ ಎಂದು ಜನ ಕಾಯುವುದರಿಂದ ಜೀವ ಹೋಗುತ್ತದೆ. ಎಇಡಿ ಬಂದರೆ ಒದ್ದೆ ಎದೆ ಒರೆಸಿ, ಒಂದು ಪ್ಯಾಡ್ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಅಂಟಿಸಿ. ಷಾಕ್ ಕೊಡುವಾಗ ಯಾರೂ ಮುಟ್ಟಿರಬಾರದು. ಕೊಟ್ಟ ಕೂಡಲೇ ಮತ್ತೆ ಒತ್ತಬೇಕು.

ಬಿಎಲ್‌ಎಸ್‌ನಲ್ಲಿ ಕೂಸಿನ ಬೊಂಬೆಯೂ ಇರುತ್ತದೆ: ಎರಡೂ ಹೆಬ್ಬೆರಳಿನಿಂದ ಸುಮಾರು 4 ಸೆಂಟಿಮೀಟರ್ ಒತ್ತಬೇಕು, ಸಿಪಿಆರ್ ಮಾಡುವವರು ಇಬ್ಬರಿದ್ದರೆ 15 ಸಲ ಒತ್ತಿ 2 ಉಸಿರು. ಲಿಖಿತ ಪರೀಕ್ಷೆಯಲ್ಲಿ ಪಾಸಾಗಲು ಶೇ. 84 ಅಂಕ ಬೇಕು.

ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರೆದುಕೊಡಿ. ಕಾರ್ಡು ಬಂದ ದಿನವೇ ಅದರ ಕೋಡ್ ಹಾಕಿ, ಅದನ್ನು ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸಿ. ಬಿಎಲ್‌ಎಸ್ ಕಾರ್ಡಿನ ಅವಧಿ 2 ವರ್ಷ, ಆದರೆ ಕೈಯ ರೂಢಿ ಕೆಲವೇ ತಿಂಗಳಲ್ಲಿ ತಪ್ಪತೊಡಗುತ್ತದೆ. ಮುಂದಿನ ಬ್ಯಾಚ್‌ಗಳಲ್ಲಿ ಒಂದರ್ಧ ಗಂಟೆ ಬೊಂಬೆ ಒತ್ತಲು ಬಿಡುತ್ತೀರಾ ಎಂದು ಹೊರಡುವ ಮೊದಲೇ ತರಬೇತುದಾರರನ್ನು ಕೇಳಿಟ್ಟುಕೊಳ್ಳಿ.