ಮರಗೆಲಸದ ಸ್ಕ್ರೂ ಮತ್ತು ಉಳಿ ಕೊಳ್ಳುವಾಗ ಬೆಲೆ, ಗುಣಗಳನ್ನು ತೂಗುವ ಬಗೆ

ಸ್ಕ್ರೂವಿನ ಬೆಲೆ ಕೇಳುವ ಮೊದಲು, ಅದು ಕೆಟ್ಟರೆ ಆಗುವ ಖರ್ಚನ್ನು ಲೆಕ್ಕ ಹಾಕಬೇಕು. ಎಂಟು ತೂತುಗಳ ಮೂರು ಹಿಂಜುಗಳಿರುವ ಬಾಗಿಲಿಗೆ 24 ಸ್ಕ್ರೂ ಬೇಕು. ಸಾಧಾರಣ ಕಬ್ಬಿಣದ ಸ್ಕ್ರೂಗೂ ಸ್ಟೇನ್‌ಲೆಸ್ ಸ್ಟೀಲಿನದಕ್ಕೂ ಒಂದಕ್ಕೆ ಎರಡು ರೂಪಾಯಿ ಅಂತರವಿದೆ ಎಂದಿಟ್ಟುಕೊಂಡರೂ ಇಡೀ ಬಾಗಿಲಿಗೆ ಹೆಚ್ಚು ತಗಲುವುದು 48 ರೂಪಾಯಿ. ತುಕ್ಕು ಹಿಡಿದು, ತಲೆ ಸವೆದು ಚೌಕಟ್ಟಿನಲ್ಲೇ ಸಿಕ್ಕಿಕೊಂಡ ಒಂದೇ ಸ್ಕ್ರೂವನ್ನು ಮರಕ್ಕೆ ಪೆಟ್ಟಾಗದಂತೆ ತೆಗೆಸಲು ಬಡಗಿಗೆ ಕೊಡುವ ಕೂಲಿ ಇದಕ್ಕಿಂತ ಎಷ್ಟೋ ಹೆಚ್ಚು.

ಹಾಗೆಂದು ಎಲ್ಲ ಕಡೆಗೂ ದುಬಾರಿಯದೇ ಬೇಕಾಗಿಲ್ಲ. ಒಣ ಕೋಣೆಯ ಪ್ಲೈವುಡ್ ಕಪಾಟಿಗೆ ಸತುವಿನ ಲೇಪವಿರುವ ಚಿಪ್‌ಬೋರ್ಡ್ ಸ್ಕ್ರೂ ಧಾರಾಳವಾಗಿ ಸಾಕು. ಮಳೆ ಬೀಳುವ ಕಿಟಕಿ, ಬಚ್ಚಲಿನ ಬಾಗಿಲುಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳ್ಳಿರಿ. ಮಂಗಳೂರು, ಕಾರವಾರಗಳಂಥ ಕಡಲ ತೀರದ ಊರುಗಳಲ್ಲಿ ಹೊರಗಿನ ಕೆಲಸಕ್ಕೆ 316 ದರ್ಜೆ ಸಿಕ್ಕರೆ ಅದಕ್ಕೆ ಹೆಚ್ಚು ಹಣ ಕೊಡುವುದು ಸರಿಯೇ, ಏಕೆಂದರೆ ಉಪ್ಪುಗಾಳಿಯನ್ನು ಅದು ಹೆಚ್ಚು ತಾಳುತ್ತದೆ. ಚೊಗರು ಹೆಚ್ಚಿರುವ ಮರದಲ್ಲಿ ಕಬ್ಬಿಣದ ಸ್ಕ್ರೂ ತೇವ ತಗುಲಿದಾಗ ಸುತ್ತಲೂ ಕಪ್ಪು ಕಲೆ ಬಿಡುತ್ತದೆ, ಪಾಲಿಶ್ ಮಾಡಿದ ಮೇಲೂ ಅದು ಕಾಣುತ್ತದೆ.

ಜಿಪ್ಸಂ ಹಲಗೆಗೆಂದು ಮಾರುವ ಕಪ್ಪು ಸ್ಕ್ರೂ ಅಗ್ಗವೆಂದು ಬಹಳ ಮಂದಿ ಅದನ್ನೇ ಮರಕ್ಕೂ ಹಾಕುತ್ತಾರೆ. ಇದನ್ನು ನಾನು ಖಂಡಿತ ಬೇಡವೆನ್ನುತ್ತೇನೆ: ಅದು ಗಟ್ಟಿಯಾದರೂ ಪೆಡಸು, ಅಡ್ಡ ಭಾರ ಬಿದ್ದಾಗ ಬಾಗದೆ ತಟಕ್ಕನೆ ಮುರಿಯುತ್ತದೆ. ಹಿತ್ತಾಳೆಯದು ಬೇಕಿದ್ದರೆ ಅಂಗಡಿಗೆ ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ; ಅದು ಅಂಟಿಕೊಂಡರೆ ಹಿತ್ತಾಳೆಯ ಲೇಪ ಮಾತ್ರ ಮೇಲಿದೆ, ಒಳಗಿರುವುದು ಕಬ್ಬಿಣ. ನಿಜವಾದ ಹಿತ್ತಾಳೆ ಮೃದುವಾದ್ದರಿಂದ, ಹೊನ್ನೆಯಂಥ ಗಟ್ಟಿ ಮರದಲ್ಲಿ ಮೊದಲು ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಬಳಿಕ ಹಿತ್ತಾಳೆಯದಕ್ಕೆ ಮೇಣ ಸವರಿ ತಿರುಗಿಸಬೇಕು.

ಪೆಟ್ಟಿಗೆಗಟ್ಟಲೆ ಕೊಳ್ಳುವ ಮೊದಲು ಬಿಡಿಯಾಗಿ ಹತ್ತು ಸ್ಕ್ರೂ ತಂದು, ನೀವು ಬಳಸಲಿರುವ ಮರದ ತುಂಡಿಗೇ ಹಾಕಿ ನೋಡಿರಿ. ಎಳೆಗಳು ಸಮವಾಗಿ, ಚೂಪಾಗಿ, ತಲೆ ನಟ್ಟನಡುವೆ ಇರಬೇಕು. ಆದರೆ ತಲೆ ಸವೆದ ಮಾತ್ರಕ್ಕೆ ಸ್ಕ್ರೂವನ್ನೇ ದೂರುವುದು ಸರಿಯಲ್ಲ. ಪೋಜಿಡ್ರೈವ್, ಫಿಲಿಪ್ಸ್ ಎರಡೂ ಕೂಡು ಗುರುತಿನ (+) ತಲೆಯ ಬಗೆಗಳು; ಪೋಜಿಡ್ರೈವ್ ತಲೆಗೆ ಫಿಲಿಪ್ಸ್ ಬಿಟ್ (ಸ್ಕ್ರೂ ತಿರುಗಿಸುವ ತುದಿ) ಹಾಕಿದರೆ ಉತ್ತಮ ಸ್ಕ್ರೂ ಕೂಡ ಕೆಡುತ್ತದೆ. ಪೋಜಿಡ್ರೈವಿನಲ್ಲಿ ಕೂಡು ಗುರುತಿನ ಗೆರೆಗಳ ನಡುವೆ ನಾಲ್ಕು ಸಣ್ಣ ಗೀರುಗಳಿರುತ್ತವೆ. ಒಳ್ಳೆಯ ಬಿಟ್‌ಗೆ ಕೊಡುವ ಹಣ ನೂರಾರು ಸ್ಕ್ರೂಗಳನ್ನು ಉಳಿಸುತ್ತದೆ.

ಸಾಧನಗಳ ವಿಷಯದಲ್ಲಿ, ಅಂಚು ಮತ್ತು ಅಳತೆ ಎಲ್ಲಿ ಮುಖ್ಯವೋ ಅಲ್ಲಿ ಹಣ ಹಾಕಿರಿ. ಸುತ್ತಿಗೆ, ಕೊಡತಿಗಳಲ್ಲಿ ಉಳಿತಾಯ ಮಾಡಬಹುದು. ಉಳಿಯಲ್ಲಿ ಹಿಡಿಯ ಹೊಳಪನ್ನು ನೋಡದೆ ಅಲಗಿನ ಹಿಂಬದಿಗೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ, ಅದು ಸಮತಟ್ಟಾಗಿರಬೇಕು. 6, 12, 25 ಮಿಲಿಮೀಟರಿನ ಮೂರು ಒಳ್ಳೆಯ ಉಳಿಗಳು, ಸಾಣೆಗೆ ನಿಲ್ಲದ ಹನ್ನೆರಡರ ಅಗ್ಗದ ಸೆಟ್ಟಿಗಿಂತ ಮೇಲು. ಮೂಲೆಮಟ್ಟವನ್ನಂತೂ (ಮೂಲೆ ಲಂಬಕೋನದಲ್ಲಿದೆಯೇ ಎಂದು ನೋಡುವ ಸಾಧನ) ಪರೀಕ್ಷಿಸದೆ ತರಬಾರದು: ನೇರ ಅಂಚಿನ ಹಲಗೆಯ ಅಂಚಿಗೆ ಅದನ್ನು ಒತ್ತಿ ಹಿಡಿದು ಒಂದು ಗೆರೆ ಎಳೆದು, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆದಾಗ ಎರಡೂ ಬೇರೆಬೇರೆಯಾಗಿ ಕಂಡರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅದನ್ನು ಅಲ್ಲೇ ಬಿಟ್ಟುಬನ್ನಿ.