ಮೇಟ್ ಕಂಡಿತು, ಹೊಡೆಯುವವರು ಯಾರು ಅಂತ ಕಾಣಲಿಲ್ಲ

ಮೂರು ವರ್ಷ ದಿನಾ ಮೊಬೈಲಿನಲ್ಲಿ ಚೆಸ್ ಪಜಲ್ ಬಿಡಿಸಿದೆ. ಆದರೂ ಆಟದಲ್ಲಿ ನನಗೆ ಮೇಟ್, ಅಂದರೆ ರಾಜ ತಪ್ಪಿಸಿಕೊಳ್ಳಲಾಗದ ಚೆಕ್, ಕಾಣುತ್ತಿರಲಿಲ್ಲ. ಪಜಲ್‌ನಲ್ಲಿ ಇಲ್ಲೇನೋ ಇದೆ ಅಂತ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಯಾರು ಹೇಳುತ್ತಾರೆ, ಅಲ್ವಾ?

ಹಾಗಾಗಿ ಉಲ್ಟಾ ಹೊರಟೆ. ಬೋರ್ಡಿನ ಮೇಲೆ ಮೇಟ್ ಆಗಿಹೋದ ಸ್ಥಿತಿಯನ್ನೇ ಜೋಡಿಸುವುದು, ಆಮೇಲೆ ಒಂದೊಂದೇ ನಡೆ ಹಿಂದಕ್ಕೆ ಹೋಗುವುದು. ಮೊದಲು ಜೋಡಿಸಿದ್ದು ಅರೇಬಿಯನ್ ಮೇಟ್. (ಮನೆಗಳ ಹೆಸರಲ್ಲಿ ಅಕ್ಷರ ಉದ್ದ ಸಾಲಿಗೆ, ಎಯಿಂದ ಎಚ್; ಅಂಕಿ ಅಡ್ಡ ಸಾಲಿಗೆ, 1ರಿಂದ 8.) ಎದುರಾಳಿಯ ರಾಜ ಎಚ್8ರ ಮೂಲೆಯಲ್ಲಿ, ನನ್ನ ಕುದುರೆ ಎಫ್6ರಲ್ಲಿ, ಆನೆ ಎಚ್7ರಲ್ಲಿ. ಆನೆಗೆ ಕಾವಲು ಕುದುರೆಯೇ, ಜಿ8 ಮುಚ್ಚುವುದೂ ಅದೇ. ಜಿ7 ಆನೆಯ ಪಾಲು. ಹೆಸರು ಮರೆತರೂ ಈ ಲೆಕ್ಕ ತಲೆಯಲ್ಲಿ ಉಳಿಯಿತು. ಬ್ಯಾಕ್ ರ‍್ಯಾಂಕ್ ಮೇಟ್‌ಗೆ (ರಾಜ ಕೊನೇ ಸಾಲಿನಲ್ಲಿ ತನ್ನ ಕಾಲಾಳುಗಳ ಹಿಂದೆಯೇ ಸಿಕ್ಕಿಬೀಳುವುದು) ಒಂದು ಸಂಜೆಯೂ ಬೇಕಾಗಲಿಲ್ಲ. ಸೋತು ಸೋತೇ ಬಾಯಿಪಾಠ ಆಗಿತ್ತು.

ಹುಚ್ಚು ಹಿಡಿಸಿದ್ದು ಸ್ಮದರ್ಡ್ ಮೇಟ್. ಎಚ್8ರಲ್ಲಿ ನಿಂತ ರಾಜನಿಗೆ ಜಿ7, ಎಚ್7ರ ತನ್ನ ಕಾಲಾಳುಗಳೇ ಅಡ್ಡ. ನೀವು ರಾಣಿಯನ್ನು ಜಿ8ಕ್ಕೆ ಇಟ್ಟು ಬಲಿ ಕೊಡುತ್ತೀರಿ. ಎದುರಾಳಿಯ ಆನೆ ಅದನ್ನು ಹೊಡೆಯುತ್ತದೆ, ಇದ್ದ ಒಂದು ಕಿಂಡಿಯೂ ಮುಚ್ಚಿತು. ಎಚ್6ರ ನಿಮ್ಮ ಕುದುರೆ ಎಫ್7ಕ್ಕೆ ಹಾರಿದರೆ ಮೇಟ್.

ಒಂದು ಭಾನುವಾರದ ಟೂರ್ನಮೆಂಟ್‌ನಲ್ಲಿ ಅದೇ ಚಿತ್ರ ಎದುರಿಗೆ ಬಂತು. ನನ್ನ ರಾಣಿ ಸಿ4ರಲ್ಲಿ, ಕುದುರೆ ಎಚ್6ರಲ್ಲಿ, ಅವರ ಆನೆ ಇ8ರಲ್ಲಿ. ಎದೆ ಡವಡವ ಅನ್ನುತ್ತಿತ್ತು. ರಾಣಿಯನ್ನು ಜಿ8ಕ್ಕೆ ಇಟ್ಟು, ಗಡಿಯಾರ ಒತ್ತಿ, ಕೈಕಟ್ಟಿ ಕೂತೆ.

ಆನೆ ಅಲ್ಲಾಡಲಿಲ್ಲ. ಎಫ್6ರಲ್ಲಿದ್ದ ಅವರ ಕುದುರೆ ಬಂದು ರಾಣಿಯನ್ನು ಹೊಡೆಯಿತು. ಆದರೇನು, ಜಿ8 ಮುಚ್ಚಿದೆಯಲ್ಲ ಅಂತ ನಾನೂ ಎಫ್7ಕ್ಕೆ ಹಾರಿದೆ. ಎಫ್4ರಲ್ಲಿದ್ದ ಅವರ ರಾಣಿ ಸೀದಾ ಮೇಲೆ ಬಂದು ನನ್ನ ಕುದುರೆಯನ್ನೂ ನುಂಗಿತು. ಅಷ್ಟು ಹೊತ್ತು ಆ ಸಾಲಿಗೆ ಅಡ್ಡ ನಿಂತಿದ್ದೇ ಎಫ್6ರ ಕುದುರೆ. ಅದನ್ನು ಎಬ್ಬಿಸಿದವನು ನಾನೇ! ಸುಮ್ನೆ ಎಫ್7, ಎಚ್6 ಅಂತ ಕುದುರೆಯಲ್ಲಿ ಮತ್ತೆ ಮತ್ತೆ ಚೆಕ್ ಕೊಡುತ್ತಿದ್ದಿದ್ದರೆ ಡ್ರಾ ಆದರೂ ಸಿಗುತ್ತಿತ್ತು.

ಅವತ್ತು ರಾತ್ರಿ 2016ರ ವಿಶ್ವ ಚಾಂಪಿಯನ್‌ಶಿಪ್‌ನ ಕೊನೇ ಟೈಬ್ರೇಕ್ (ಸಮಬಲ ಮುರಿಯುವ) ಆಟ ತೆಗೆದು ನೋಡಿದೆ. ನ್ಯೂಯಾರ್ಕ್‌ನಲ್ಲಿ ಕಾರ್ಲ್‌ಸನ್ ಕರ್ಯಾಕಿನ್ ಮೇಲೆ ರಾಣಿಯನ್ನು ಎಚ್6ರಲ್ಲಿ ಬಲಿ ಇಟ್ಟ ಆಟ. ಮೊದಲೆಲ್ಲ ಅದರ ಚಂದ ನೋಡಿ ವಾವ್ ಅಂದಿದ್ದೆ, ಅಷ್ಟೇ. ಈ ಸಲ ಕಂಡಿದ್ದು ಬೇರೆ. ರಾಜ ಹೊಡೆದರೆ ಎಚ್8ರಲ್ಲಿ ಒಂದು ಆನೆ ಮೇಟ್ ಮಾಡುತ್ತದೆ. ಕಾಲಾಳು ಹೊಡೆದರೆ ಎಫ್7ರಲ್ಲಿ ಇನ್ನೊಂದು ಆನೆ. ಹೊಡೆಯಬಲ್ಲವರು ಇಬ್ಬರು, ಇಬ್ಬರಿಗೂ ಉತ್ತರ ರೆಡಿ.

ಈಗ ಬೋರ್ಡ್ ಜೋಡಿಸುವಾಗ ಎದುರಾಳಿಯ ಒಂದು ಕಾಯಿಯನ್ನು ಬೇಕೆಂದೇ ಆಚೀಚೆ ಸರಿಸುತ್ತೇನೆ. ಮೊನ್ನೆ ಆ ಭಾನುವಾರದ ಸ್ಥಿತಿಯನ್ನೇ ಇಟ್ಟು, ಅವರ ರಾಣಿಯನ್ನು ಎಫ್4ರಿಂದ ಎರಡು ಮನೆ ಪಕ್ಕಕ್ಕೆ, ಎಚ್4ಕ್ಕೆ ಸರಿಸಿದೆ. ಕುದುರೆ ಹೊಡೆದರೂ ಮೇಟ್, ಆನೆ ಹೊಡೆದರೂ ಮೇಟ್.